ಅದು ಕನ್ನಡಕ್ಕೆ ಹಾಗೇ ಹೇಳುತ್ತೆ

ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ನಮ್ಮ ಕನ್ನಡ ಸಂಘದವರು ಬಳಸುವ ತಂತ್ರಾಂಶ ನನ್ನ ಮದುವೆಗಿಂತ ಹಳೆಯದು. ಯೂನಿಕೋಡ್ ಬರುವ ಮುಂಚಿನ ಕಾಲದ ಆ ವಸ್ತುವನ್ನು ಯಾವ ಕಂಪ್ಯೂಟರಿಗೆ ಹಾಕಲು ಹೋದರೂ ಪರದೆಯ ಮೂಲೆಯಲ್ಲಿ ಆಂಟಿವೈರಸ್ಸಿನ ಕೆಂಪು ಪೆಟ್ಟಿಗೆಯೊಂದು ಎದ್ದು ‘ಅಪಾಯ’ ಎನ್ನುತ್ತದೆ. ಅದರದ್ದೇನೂ ತಪ್ಪಿಲ್ಲ. ನಾವು ಒತ್ತುವ ಪ್ರತಿ ಕೀಲಿಯನ್ನೂ ನಡುದಾರಿಯಲ್ಲಿ ಹಿಡಿದು ಕನ್ನಡದ ಆಕಾರಕ್ಕೆ ತಿರುಗಿಸುವುದು ಆ ತಂತ್ರಾಂಶದ ಕೆಲಸ. ಪಾಸ್‌ವರ್ಡ್ ಕದಿಯುವ ತಂತ್ರಾಂಶಗಳೂ ಕೀಲಿಗಳನ್ನು ಹೀಗೆಯೇ ನಡುದಾರಿಯಲ್ಲಿ ಹಿಡಿಯುತ್ತವೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ. ಆದರೆ ಇಷ್ಟನ್ನು ವಿವರಿಸುವ ತಾಳ್ಮೆ ಯಾರಿಗಿದೆ? ‘ಅದು ಕನ್ನಡಕ್ಕೆ ಹಾಗೇ ಹೇಳುತ್ತೆ, ಆಫ್ ಮಾಡಿ’ ಎಂಬ ಮಾತು ಈ ಡಚ್ಚರ ದೇಶದಲ್ಲಿ ಆಮರ್ಸ್‌ಫೋರ್ಟಿನಿಂದ ನೂರ್ಡ್‌ವೈಕ್‌ವರೆಗಿನ ನಮ್ಮವರ ಮನೆಗಳಲ್ಲಿ ವರ್ಷಗಳಿಂದ ಓಡಾಡುತ್ತಿದೆ. ಹೇಳುವಾಗ ದನಿಯಲ್ಲಿ ಸಣ್ಣ ಹೆಮ್ಮೆಯೂ ಇರುತ್ತದೆ. ಪರದೇಶದ ಕಂಪನಿಯ ಯಂತ್ರ ನಮ್ಮ ಭಾಷೆಯನ್ನು ಅನುಮಾನಿಸಿತು, ನಾವು ಅದರ ಬಾಯಿ ಮುಚ್ಚಿಸಿದೆವು. ಕನ್ನಡಾಭಿಮಾನಕ್ಕೆ ಇದಕ್ಕಿಂತ ಅಗ್ಗದ ಅವಕಾಶ ಸಿಗುವುದು ಕಷ್ಟ.

ಬಾಯಿ ಮುಚ್ಚಿಸುವವರು ಕಂಪ್ಯೂಟರ್ ಕಂಡರಿಯದ ಜನರೇನಲ್ಲ. ಸಂಘದ ಕಾರ್ಯದರ್ಶಿ ನನ್ನ ಗೆಳೆಯ, ಬೆಂಗಳೂರಿನವನು. ವಾರದ ಐದು ದಿನ ಒಂದು ದೊಡ್ಡ ಕಂಪನಿಯ ನೆಟ್‌ವರ್ಕನ್ನು ಕಾಯುವುದೇ ಅವನ ಕಸುಬು. ಅಲ್ಲಿ ಯಾರಾದರೂ ಮನೆಯಿಂದ ತಂದ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದರೆ ಅವರನ್ನು ಕೂರಿಸಿ ಅರ್ಧ ದಿನದ ಪಾಠ ಮಾಡುತ್ತಾನೆ. ಸ್ಮರಣ ಸಂಚಿಕೆಯ ಸಂಪಾದಕ ನೂರ್ಡ್‌ವೈಕ್‌ನಲ್ಲಿ ಉಪಗ್ರಹಗಳ ಕೆಲಸದಲ್ಲಿರುವ ಇಂಜಿನಿಯರ್. ತಾನು ಬರೆದ ಒಂದು ಸಾಲು ಬದಲಿಸಬೇಕಾದರೂ ಹತ್ತಾರು ಜನರ ಒಪ್ಪಿಗೆ ಬೇಕು ಎಂದು ಊಟದ ಮಧ್ಯೆ ಹೇಳಿಕೊಳ್ಳುವವನು. ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಒಂದು ಕಂಪನಿಯಲ್ಲಿ ನಿಲ್ಲಲಾಗದೆ ಇನ್ನೊಂದಕ್ಕೆ ಹಾರುತ್ತ, ಬೇರೆಯವರು ಬರೆದ ತಂತ್ರಾಂಶಗಳನ್ನು ಪರೀಕ್ಷಿಸುವವನು. ಅನುಮಾನ ಪಡುವುದಕ್ಕೇ ನನಗೆ ಸಂಬಳ. ಇಂಥ ಮೂವರು ಶನಿವಾರ ಮಧ್ಯಾಹ್ನ ಒಂದು ಮನೆಯಲ್ಲಿ ಸೇರಿದರೆ ಆ ಮನೆಯ ಕಂಪ್ಯೂಟರುಗಳು ಊರಿನಲ್ಲೇ ಸುರಕ್ಷಿತವಾಗಿರಬೇಕು ಎಂದು ಯಾರಾದರೂ ಊಹಿಸಿಯಾರು. ಊಹಿಸುವವರು ನಮ್ಮನ್ನು ಕಂಡಿಲ್ಲ.

ಸೇರುತ್ತಿದ್ದುದು ನಮ್ಮ ಮನೆಯಲ್ಲೇ. ಇಲ್ಲಿಯವರು ಝೋಲ್ಡರ್ ಎನ್ನುವ ಅಟ್ಟದಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ, ಒಂದು ಹಳೆಯ ಕಂಪ್ಯೂಟರು ಹಗಲಿರುಳು ಗೊರಗುಟ್ಟುತ್ತಿತ್ತು. ಅದಕ್ಕೆ ದೊಡ್ಡ ಡಿಸ್ಕೊಂದನ್ನು ಜೋಡಿಸಿ, ಮನೆಯ ವೈಫೈ ಹಿಡಿದ ಯಾವ ಯಂತ್ರಕ್ಕಾದರೂ ಕಾಣುವಂತೆ ಒಂದು ಫೋಲ್ಡರ್ ತೆರೆದಿಟ್ಟಿದ್ದೆವು. ಹೆಸರು ‘ಎಲ್ಲರದ್ದು’. ಹೆಸರಿಗೆ ತಕ್ಕ ಹಾಗೆ ಅದರಲ್ಲಿ ಯಾರು ಏನನ್ನು ಬೇಕಾದರೂ ಹಾಕಬಹುದಿತ್ತು, ತೆಗೆಯಬಹುದಿತ್ತು, ಬದಲಿಸಬಹುದಿತ್ತು. ಮಗಳ ಹುಟ್ಟುಹಬ್ಬದ ವಿಡಿಯೋ, ತೆರಿಗೆಯ ಕಾಗದ, ಸಂಘದ ಬ್ಯಾನರು, ಯಾರೋ ಒಮ್ಮೆ ತಂದುಹಾಕಿ ಮರೆತ ಸಿನಿಮಾಗಳು, ಎಲ್ಲವೂ ಅದರಲ್ಲೇ.

ಪಾಸ್‌ವರ್ಡ್ ಇಡುವ ಮಾತು ಒಮ್ಮೆ ಬಂದಿತ್ತು. ಕಾರ್ಯದರ್ಶಿಯೇ ಮುಖ ಸಣ್ಣ ಮಾಡಿಕೊಂಡ.

“ಏನ್ ಗುರು, ನಮಗೇ ಪಾಸ್‌ವರ್ಡಾ? ನಿಮ್ಮನೇಲಿ ಊಟ ಮಾಡ್ತೀವಿ, ಫೋಲ್ಡರ್‌ಗೆ ಮಾತ್ರ ಬೀಗಾನಾ?”

ಸೈಕಲ್ಲಿಗೆ ಎರಡು ಬೀಗ ಹಾಕಿ, ಮೂರನೆಯದನ್ನು ಚೀಲದಲ್ಲಿಟ್ಟುಕೊಂಡು ತಿರುಗುವ ಮನುಷ್ಯ ಅವನು. ನಮ್ಮಲ್ಲಿ ನೆಂಟರು ಬಂದರೆ ಕಾಫಿಗಿಂತ ಮೊದಲು ವೈಫೈ ಕೊಡುತ್ತೇವೆ. ಅದನ್ನು ಕೊಟ್ಟ ಮೇಲೆ ಒಳಗೊಂದು ಬಾಗಿಲು ಮುಚ್ಚಿದೆ ಎಂದು ಗೊತ್ತಾದರೆ ಬಂದವರ ಮುಖ ನೋಡಲಾಗುವುದಿಲ್ಲ. ಹಾಗಾಗಿ ಬೀಗದ ಮಾತು ಅಲ್ಲಿಗೇ ನಿಂತಿತು. ಒಂದು ಕಂಪ್ಯೂಟರಿಗೆ ಬಂದ ರೋಗ ಅದೇ ಫೋಲ್ಡರಿನ ಮೂಲಕ ಮನೆಯ ಎಲ್ಲದಕ್ಕೂ ಹಬ್ಬುತ್ತದೆ ಎಂಬುದು ನಮಗೆ ಮೂವರಿಗೂ ಬಾಯಿಪಾಠವಾಗಿತ್ತು. ಆಫೀಸಿನಲ್ಲಿ ಅದನ್ನು ಇನ್ನೊಬ್ಬರಿಗೆ ಹೇಳಿ ದುಡಿಯುತ್ತಿದ್ದೆವು. ಮನೆಗೆ ಬಂದೊಡನೆ ವೈರಸ್ಸಿಗೂ ಮಾನ ಮರ್ಯಾದೆ ಇರುತ್ತದೆ, ಪರಿಚಯದವರ ಚೀಲದಲ್ಲಿ ಅದು ಬರುವುದಿಲ್ಲ ಎಂದು ನಂಬುತ್ತಿದ್ದೆವು.

ಆ ಫೋಲ್ಡರಿನಲ್ಲಿ ನಿಜಕ್ಕೂ ಬೆಲೆಯುಳ್ಳದ್ದು ಇದ್ದರೆ ನನ್ನ ಹೆಂಡತಿಯದು. ಅವಳು ಧಾರವಾಡದ ಕಡೆಯವಳು, ವಾಗೆನಿಂಗನ್‌ನ ವಿಶ್ವವಿದ್ಯಾಲಯದಲ್ಲಿ ಆಲೂಗಡ್ಡೆಯ ಅಂಗಮಾರಿ ರೋಗದ ಮೇಲೆ ಸಂಶೋಧನೆ ಮಾಡುತ್ತಾಳೆ. ಹೊಲವನ್ನು ನಾಲ್ಕು ತಾಕುಗಳಾಗಿ ವಿಂಗಡಿಸಿ ಬೇರೆ ಬೇರೆ ತಳಿ ನೆಟ್ಟು, ಬೇಸಿಗೆಯುದ್ದಕ್ಕೂ ವಾರವಾರ ಅವೇ ಗಿಡಗಳ ಅವೇ ಎಲೆಗಳ ಫೋಟೋ ತೆಗೆದಿದ್ದಳು. ಎಲೆಯ ಅಂಚಿನಲ್ಲಿ ಮೊದಲ ಕಂದು ಚುಕ್ಕೆ ಯಾವಾಗ ಬಂತು, ಯಾವ ಕಡೆಗೆ ಹರಡಿತು ಎಂಬುದನ್ನು ಸಂಜೆ ಮನೆಯಲ್ಲಿ ಕೂತು ಕೈಯಿಂದ ಗುರುತು ಹಾಕುತ್ತಿದ್ದಳು. ನನ್ನ ದೊಡ್ಡ ಪರದೆಯ ಮೇಲೆ ಸ್ವಲ್ಪ, ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಸ್ವಲ್ಪ ಮಾಡುತ್ತಿದ್ದುದರಿಂದ ಎರಡಕ್ಕೂ ಸಿಗುವ ‘ಎಲ್ಲರದ್ದು’ ಅವಳಿಗೆ ಅನುಕೂಲವಾಗಿತ್ತು. ಹಿಂದಿನ ವರ್ಷಗಳ ಕೆಲಸ ವಿಶ್ವವಿದ್ಯಾಲಯದ ಸರ್ವರಿನಲ್ಲಿ ಭದ್ರವಾಗಿತ್ತು. ಕೊನೆಯ ಬೇಸಿಗೆಯದನ್ನು ಗುರುತು ಹಾಕಿ ಮುಗಿಸಿದ ಮೇಲೆ ಒಟ್ಟಿಗೇ ಏರಿಸೋಣ ಎಂದುಕೊಂಡಿದ್ದಳು. ಅವಳ ಕೆಲಸದ ಕರಾರು ಡಿಸೆಂಬರಿಗೆ ಮುಗಿಯುತ್ತಿತ್ತು. ನವೆಂಬರಿನಲ್ಲಿ ಈ ಫೋಟೋಗಳ ಮೇಲೆ ವರದಿ ಒಪ್ಪಿಸಿದರೆ ಇನ್ನೂ ಮೂರು ವರ್ಷ, ಇಲ್ಲದಿದ್ದರೆ ಮನೆ. ಎಲೆಗಳು ಆಗಲೇ ಕೊಳೆತು ಮಣ್ಣಾಗಿದ್ದವು. ಇನ್ನೊಮ್ಮೆ ತೆಗೆಯುವಂತಿರಲಿಲ್ಲ.

ಅಕ್ಟೋಬರಿನಲ್ಲಿ ಸ್ಮರಣ ಸಂಚಿಕೆಯ ಕೆಲಸ ಶುರುವಾಯಿತು. ರಾಜ್ಯೋತ್ಸವಕ್ಕೆ ನಮ್ಮ ಸಂಘ ವರ್ಷಕ್ಕೊಂದು ಸಂಚಿಕೆ ತರುತ್ತದೆ. ಯಾರೂ ಓದುವುದಿಲ್ಲ. ಎಲ್ಲರೂ ತಮ್ಮ ಫೋಟೋ ಇರುವ ಪುಟ ಹುಡುಕಿ ಮುಚ್ಚಿಡುತ್ತಾರೆ. ಪುಟ ವಿನ್ಯಾಸ ಮಾಡುವುದು ದಾವಣಗೆರೆಯ ಒಂದು ಸಣ್ಣ ಅಂಗಡಿ. ಅಲ್ಲಿ ಯೂನಿಕೋಡ್ ನಡೆಯುವುದಿಲ್ಲ, ನಮ್ಮ ಹಳೆಯ ತಂತ್ರಾಂಶದ ಅಕ್ಷರಗಳೇ ಆಗಬೇಕು. ಪುಟಗಳನ್ನು ಇಮೇಲಿನಲ್ಲಿ ಕಳಿಸಿದರೆ ಇಲ್ಲಿ ತೆರೆಯುವಷ್ಟರಲ್ಲಿ ಒತ್ತಕ್ಷರಗಳು ಕಳಚಿ ಬಿದ್ದಿರುತ್ತವೆ ಎಂಬುದು ಸಂಪಾದಕನ ನಂಬಿಕೆ. ಅದಕ್ಕಾಗಿ ಊರಿನಿಂದ ಬರುವ ಯಾರದಾದರೂ ಚೀಲದಲ್ಲಿ, ಚಟ್ನಿಪುಡಿಯ ಪೊಟ್ಟಣದ ಪಕ್ಕ, ಪೆನ್‌ಡ್ರೈವಿನಲ್ಲಿ ಪುಟಗಳು ಬರುತ್ತವೆ. ಅಂಗಡಿಯ ಕಂಪ್ಯೂಟರಿಗೆ ದಿನವಿಡೀ ಎಷ್ಟು ಜನರ ಪೆನ್‌ಡ್ರೈವ್ ಚುಚ್ಚಿ ತೆಗೆಯುತ್ತಾರೋ ದೇವರಿಗೇ ಗೊತ್ತು. ಮದುವೆ ಪತ್ರಿಕೆ, ಪ್ರಶ್ನೆಪತ್ರಿಕೆ, ಆಧಾರ್ ಜೆರಾಕ್ಸ್ ಎಲ್ಲಕ್ಕೂ ಅದೊಂದೇ ಯಂತ್ರ. ಊರಿನಲ್ಲಿದ್ದಾಗ ನಾವೆಲ್ಲರೂ ಇಂಥ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ರೋಗ ಹತ್ತಿಸಿಕೊಂಡು ಬಂದವರೇ. ವಿಮಾನ ಹತ್ತಿದ ಮೇಲೆ ಅದು ಮರೆತುಹೋಗುತ್ತದೆ.

ಸಂಪಾದಕ ಆ ಪೆನ್‌ಡ್ರೈವ್ ತಂದ ಮಧ್ಯಾಹ್ನ ಮಳೆ ಬರುತ್ತಿತ್ತು ಎಂದು ನನಗೆ ನೆನಪು. ಆದರೆ ಇಲ್ಲಿ ಅಕ್ಟೋಬರಿನಲ್ಲಿ ಮಳೆ ಬರುತ್ತಿತ್ತು ಎನ್ನುವುದು ನೆನಪೋ ಅಂದಾಜೋ ಹೇಳುವುದು ಕಷ್ಟ. ಅವಲಕ್ಕಿ ಇತ್ತು, ಕಾಫಿ ಇತ್ತು, ಕಾರ್ಯದರ್ಶಿಯ ಲ್ಯಾಪ್‌ಟಾಪು ಊಟದ ಮೇಜಿನ ಮೇಲೆ ತೆರೆದಿತ್ತು. ಪೆನ್‌ಡ್ರೈವ್ ಚುಚ್ಚಿದ್ದೇ ಕೆಂಪು ಪೆಟ್ಟಿಗೆ ಎದ್ದಿತು.

“ನೋಡಪ್ಪಾ, ಬಂದ ನಮ್ ಯಜಮಾನ,” ಅಂದ ಕಾರ್ಯದರ್ಶಿ.

“ಅದು ಕನ್ನಡಕ್ಕೆ ಹಾಗೇ ಹೇಳುತ್ತೆ. ಆಫ್ ಮಾಡಿ, ಆಫ್ ಮಾಡಿ,” ಅಂದ ಸಂಪಾದಕ, ಬಾಯಿ ತುಂಬ ಅವಲಕ್ಕಿ.

“ಈ ಸಲ ಎರಡು ಸಲ ಬಂತಲ್ಲೋ?” ಅಂದ ಕಾರ್ಯದರ್ಶಿ.

“ದಪ್ಪ ಸಂಚಿಕೆ ಅಲ್ವಾ, ಅದಕ್ಕೇ.”

ಎಲ್ಲರೂ ನಕ್ಕೆವು. ಯಾರದೋ ಬೆರಳು ಆಂಟಿವೈರಸ್ಸನ್ನು ಆಫ್ ಮಾಡಿತು. ಪುಟಗಳನ್ನು ಮೂವರೂ ಒಟ್ಟಿಗೆ ತಿದ್ದಲು ಆಗಲಿ ಎಂದು ಅವನ್ನು ‘ಎಲ್ಲರದ್ದು’ವಿಗೆ ಸುರಿಯಲಾಯಿತು. ಬೆರಳು ಯಾರದು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಕಾರ್ಯದರ್ಶಿಯನ್ನು ಕೇಳಿದರೆ ಸಂಪಾದಕನದು ಎನ್ನುತ್ತಾನೆ. ಸಂಪಾದಕ ತಾನು ಆಗ ಕೈ ತೊಳೆಯಲು ಹೋಗಿದ್ದೆ ಎನ್ನುತ್ತಾನೆ. ಅವನು ಕೈ ತೊಳೆದದ್ದನ್ನು ಕಂಡವರಿಲ್ಲ. ಹಳೆಯ ತಂತ್ರಾಂಶಕ್ಕೆ ಒಂದು, ಅಂಗಡಿಯ ರೋಗಕ್ಕೆ ಒಂದು, ಹೀಗೆ ಎರಡು ಪೆಟ್ಟಿಗೆಗಳು ಎದ್ದಿದ್ದವು ಎಂದು ಈಗ ಅರ್ಥವಾಗುತ್ತದೆ. ಸುಳ್ಳು ಎಚ್ಚರಿಕೆಯ ಪಕ್ಕದಲ್ಲೇ ನಿಜದ ಎಚ್ಚರಿಕೆ ನಿಂತಿತ್ತು. ವರ್ಷಗಟ್ಟಲೆ ಮೊದಲನೆಯದನ್ನು ನೋಡಿ ನಕ್ಕವರಿಗೆ ಎರಡನೆಯದೂ ತಮಾಷೆಯಾಗಿಯೇ ಕಂಡಿತು.

ಮುಂದಿನ ವಾರದ ಮಧ್ಯದಲ್ಲಿ ಹೆಂಡತಿ ಕೆಲಸದಿಂದ ಬಂದು ಫೋಟೋಗಳ ಫೋಲ್ಡರ್ ತೆರೆಯಲು ಕೂತಳು.

“ಏನ್ರೀ, ಇಲ್ಲಿ ನೋಡ್ರಿ. ಎಲ್ಲಾ ಫೋಲ್ಡರಿಗೂ ಮೂಲ್ಯಾಗ ಸಣ್ಣ ಬಾಣ ಬಂದೈತಿ. ಒತ್ತಿದ್ರ ಒಂದೂ ತೆರಿವಲ್ದು.”

ನೋಡಿದೆ. ಮೊದಲನೇ ತಾಕು, ಎರಡನೇ ತಾಕು, ಮಗಳ ವಿಡಿಯೋ, ತೆರಿಗೆ, ಹೆಸರುಗಳೆಲ್ಲ ಹಾಗೇ ಇದ್ದವು. ಒತ್ತಿದರೆ ಅಂಥದ್ದೊಂದು ಇಲ್ಲವೇ ಇಲ್ಲ ಎನ್ನುತ್ತಿತ್ತು ಕಂಪ್ಯೂಟರು. ಹೆಸರಿನ ಹಲಗೆ ಉಳಿಸಿ ಮನೆಯನ್ನೇ ಎತ್ತಿಕೊಂಡು ಹೋದಂತೆ. ಅವಳ ಲ್ಯಾಪ್‌ಟಾಪಿನಲ್ಲೂ ಕೆಲವು ಫೋಲ್ಡರುಗಳಿಗೆ ಅದೇ ಬಾಣ ಹತ್ತಿತ್ತು.

“ವರದಿ ಕೊಡೂದು ಇನ್ನ ಎರಡ್ ವಾರ ಐತಿ,” ಎಂದಳು. ಅವಳು ಗಾಬರಿಯಾದರೆ ದನಿ ಏರುವುದಿಲ್ಲ, ತಗ್ಗುತ್ತದೆ. ಆಗ ಬಹಳ ತಗ್ಗಿತ್ತು.

ಕಾರ್ಯದರ್ಶಿಗೆ ಫೋನ್ ಮಾಡಿದೆ. ಶನಿವಾರ ಬೆಳಿಗ್ಗೆ ಬಂದೇ ಬರುತ್ತೇನೆ, ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ ಎಂದ. ಮಾತಿನಂತೆ ಬಂದ. ಬರುವಾಗ ಒಂದು ಕಪ್ಪು ಚೀಲ, ಅದರಲ್ಲಿ ಕೇಬಲ್ಲುಗಳು, ಆಪರೇಷನ್ ಥಿಯೇಟರಿಗೆ ಕಾಲಿಡುವ ಸರ್ಜನ್ನಿನ ಮುಖ. ಹೆಂಡತಿ ಮಗಳನ್ನು ಈಜಿನ ತರಗತಿಗೆ ಕರೆದೊಯ್ಯಲು ಸಿದ್ಧವಾಗಿದ್ದಳು. ಈಜಿನ ತರಗತಿ ಶನಿವಾರ ಮಾತ್ರ ಇರುವುದರಿಂದ ಆ ದಿನ ಶನಿವಾರವೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಉಳಿದದ್ದರಲ್ಲಿ ಇದೆ.

“ಅತ್ತಿಗೆ, ನೀವೇನೂ ಟೆನ್ಷನ್ ತಗೋಬೇಡಿ. ನಮ್ ಆಫೀಸಲ್ಲಿ ಇಂಥವು ದಿನಾ ನೋಡ್ತೀವಿ,” ಅಂದ.

“ದಿನಾ ನೋಡವ್ರ ಕೈಯಾಗ ಇದು ಹೆಂಗ ಬಂತು ಮತ್ತ?”

ಅವನು ಜೋರಾಗಿ ನಕ್ಕ. ಅವಳು ನಗಲಿಲ್ಲ. ಮಗಳು ಬಾಗಿಲಲ್ಲಿ ನಿಂತು, “ಅಮ್ಮಾ, ಕೋಮ್ ನೌ, ಲೇಟ್ ಆಗ್ತಿದೆ,” ಎಂದು ಡಚ್ಚು ಕನ್ನಡ ಎರಡರಲ್ಲೂ ಅವಸರ ಮಾಡಿದಳು. ಹೊರಟರು.

ಕಾರ್ಯದರ್ಶಿ ಅವಳ ಲ್ಯಾಪ್‌ಟಾಪನ್ನು ಎಳೆದುಕೊಂಡ. ನನ್ನನ್ನು ಅಟ್ಟದ ಕಂಪ್ಯೂಟರ್ ಬಿಚ್ಚಿ ಕೆಳಗೆ ತರಲು ಕಳಿಸಿದ. ಅದರ ವೈರುಗಳು ಒಗೆಯುವ ಯಂತ್ರದ ಹಿಂದೆ ಹೋಗಿ ಗಂಟಾಗಿದ್ದವು. ನಮ್ಮ ಏಣಿ ಕಡಿದಾದದ್ದು, ಡಿಸ್ಕು ಭಾರ. ಎಷ್ಟು ಹೊತ್ತಾಯಿತೋ ತಿಳಿಯದು. ಇಳಿದು ಬರುವಷ್ಟರಲ್ಲಿ ಲ್ಯಾಪ್‌ಟಾಪಿನ ಪರದೆ ಹೊಸದಾಗಿ ಕೊಂಡ ದಿನದಂತೆ ನೀಲಿಯಾಗಿ, ನಿಮ್ಮ ದೇಶ ಯಾವುದು ಎಂದು ಕೇಳುತ್ತಿತ್ತು.

“ಫಾರ್ಮ್ಯಾಟ್ ಮಾಡ್ಬಿಟ್ಟೆ ಗುರು. ಕ್ಲೀನ್ ಸ್ಲೇಟ್. ಫುಲ್ ಇನ್ಫೆಕ್ಟ್ ಆಗಿತ್ತು, ರಿಸ್ಕ್ ತಗೊಳ್ಳೋಕೆ ಆಗಲ್ಲ.”

“ಒಳಗೆ ಏನಿತ್ತು ಅಂತ ನೋಡಿದ್ಯಾ?”

“ಇದ್ದಿದ್ದೆಲ್ಲಾ ಬಾಣ. ಏನೂ ಉಳಿದಿರಲಿಲ್ಲ. ಈಗ ಈ ದೊಡ್ಡದನ್ನೂ ಹಾಗೇ ಮಾಡೋಣ.”

ಅವನ ದನಿಯಲ್ಲಿದ್ದ ನೆಮ್ಮದಿಯನ್ನು ನಾನು ಈಗಲೂ ಮೆಚ್ಚುತ್ತೇನೆ. ವೈರಸ್ಸು ಅಷ್ಟು ಖಚಿತವಾಗಿ ಯಾವುದನ್ನೂ ನಾಶ ಮಾಡಿರಲಿಲ್ಲ. ತಿಳಿದವರ ಆತ್ಮವಿಶ್ವಾಸಕ್ಕೆ ಸಮನಾದ ರೋಗವನ್ನು ಇನ್ನೂ ಯಾರೂ ಬರೆದಿಲ್ಲ.

ದೊಡ್ಡ ಡಿಸ್ಕನ್ನು ಅವನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ ನನಗೆ ಅದರ ಸ್ಥಿತಿಯನ್ನು ವಿವರಿಸುತ್ತಿದ್ದ. ಬಹಳ ಹೊತ್ತು ವಿವರಿಸಿದ. ಯಾವ ದೇಶದಲ್ಲಿ ಇಂಥ ವೈರಸ್ಸು ಹುಟ್ಟುತ್ತದೆ, ಯಾಕೆ ಹುಟ್ಟುತ್ತದೆ, ಜನರಿಗೆ ಶಿಸ್ತು ಯಾಕಿಲ್ಲ ಎಂಬಲ್ಲಿಗೆ ಬರುವಷ್ಟರಲ್ಲಿ ಬಾಗಿಲು ತೆರೆಯಿತು. ಮಗಳು ಒದ್ದೆ ಕೂದಲಲ್ಲಿ ಮೆಟ್ಟಿಲು ಹತ್ತಿ ಹೋದಳು. ಹೆಂಡತಿ ಕೋಟು ತೆಗೆಯದೆ ಮೇಜಿನ ಹತ್ತಿರ ಬಂದಳು. ನೀಲಿ ಪರದೆ ನೋಡಿದಳು.

“ಇದಕ್ಕ ಏನ್ ಮಾಡೀರಿ?”

“ಕ್ಲೀನ್ ಮಾಡಿದೀನಿ ಅತ್ತಿಗೆ. ಈಗ ಹೊಸದರ ಥರಾನೇ.”

“ನಾಕನೇ ತಾಕಿನ ಫೋಟೋ ಬರೇ ಇದರಾಗ ಇದ್ವು. ಮ್ಯಾಲಿನ ಡಿಸ್ಕಿಗೆ ಇನ್ನೂ ಹಾಕಿದ್ದಿಲ್ಲ.” ಕುರ್ಚಿಯ ಬೆನ್ನು ಹಿಡಿದುಕೊಂಡಳು. “ಒಂದ್ ಮಾತು ಕೇಳೂದು ಬ್ಯಾಡೇನ್ರೀ? ಫೋನ್ ಇತ್ತಲ್ಲ ನನ್ನ ಹಂತ್ಯಾಕ?”

ಕಾರ್ಯದರ್ಶಿ ತನ್ನ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಆಮೇಲೆ ಹೇಳಿದ, “ಅದರಲ್ಲಿ ಏನೂ ಉಳಿದಿರಲಿಲ್ಲ ಅತ್ತಿಗೆ, ನಾನು ನೋಡಿದೆ. ಇದರಲ್ಲೂ ಅಷ್ಟೇ. ಎಲ್ಲಾ ಹೋಗಿದೆ. ಫಾರ್ಮ್ಯಾಟ್ ಮಾಡೋದೊಂದೇ ದಾರಿ.”

ಅವಳು ಪರದೆಯ ಕಡೆ ಬಾಗಿದಳು. ಡಿಸ್ಕಿನ ಹೆಸರಿನ ಕೆಳಗೆ, ಎಷ್ಟು ತುಂಬಿದೆ ಎಂದು ತೋರಿಸುವ ನೀಲಿ ಪಟ್ಟಿ ಇರುತ್ತದಲ್ಲ, ಅದರ ಮೇಲೆ ಬೆರಳಿಟ್ಟಳು. ಪಟ್ಟಿ ಮುಕ್ಕಾಲು ಪಾಲು ತುಂಬಿತ್ತು.

“ಎಲ್ಲಾ ಹೋಗೇತಿ ಅಂದ್ರ, ಇಷ್ಟು ಜಾಗಾ ಯಾರ್ ತಿಂದು ಕುಂತಾರ?”

ಕಾರ್ಯದರ್ಶಿ ಕೈಯನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ನಿಧಾನವಾಗಿ, ಮುಚ್ಚಿಟ್ಟ ಕಡತಗಳನ್ನೂ ತೋರಿಸು ಎಂಬ ಆಯ್ಕೆಗೆ ಹೋಗಿ ಟಿಕ್ ಹಾಕಿದ. ಅದರ ಕೆಳಗಿನ ಇನ್ನೊಂದು ಆಯ್ಕೆಯ ಟಿಕ್ಕನ್ನು ತೆಗೆದ. ಬಾಣದ ಗುರುತುಗಳ ಪಕ್ಕದಲ್ಲಿ ಮಂಕು ಹಳದಿಯ ಫೋಲ್ಡರುಗಳು ಒಂದೊಂದಾಗಿ ಎದ್ದು ಬಂದವು. ಮೊದಲನೇ ತಾಕು, ಎರಡನೇ ತಾಕು, ಮೂರನೇ ತಾಕು. ಆ ಅಂಗಡಿಯ ರೋಗ ಏನನ್ನೂ ಅಳಿಸುವ ಜಾತಿಯದೇ ಆಗಿರಲಿಲ್ಲ. ನಿಜದ ಫೋಲ್ಡರುಗಳನ್ನು ಮರೆಗೆ ಸರಿಸಿ, ಅದೇ ಹೆಸರಿನ ಸುಳ್ಳು ಬಾಗಿಲುಗಳನ್ನು ಮುಂದೆ ನಿಲ್ಲಿಸುವುದು ಮಾತ್ರ ಅದರ ಕೆಲಸ. ಅವನ್ನು ಒತ್ತಿದವರ ಯಂತ್ರಕ್ಕೆ ಹತ್ತಿಕೊಂಡು, ಅಲ್ಲಿಂದ ಮುಂದಿನ ಡಿಸ್ಕಿಗೆ ಹೋಗುತ್ತದೆ. ಊರಿನ ಯಾವ ಕಾಲೇಜು ಹುಡುಗರಿಗಾದರೂ ಪರಿಚಯವಿರುವ ಸಾಧಾರಣ ಪೀಡೆ. ಲ್ಯಾಪ್‌ಟಾಪಿನ ಫೋಟೋಗಳೂ ಹಾಗೆಯೇ ಮರೆಯಲ್ಲಿ ಕೂತಿದ್ದವು, ನಮ್ಮ ತಜ್ಞ ಅವುಗಳನ್ನು ಸ್ವಚ್ಛ ಮಾಡುವವರೆಗೆ.

ಈಗ ಆ ಪ್ರಶ್ನೆಯ ವಿಷಯ. ಜಾಗ ಯಾರು ತಿಂದು ಕೂತಿದ್ದಾರೆ ಎಂದು ಕೇಳಿದವನು ನಾನೇ ಎಂದು ಬಹಳ ದಿನ ನನ್ನ ನೆನಪಿನಲ್ಲಿತ್ತು. ಪಟ್ಟಿಯ ಮೇಲೆ ಬೆರಳಿಟ್ಟದ್ದು, ಗಾಜು ತಣ್ಣಗಿದ್ದದ್ದು ಕೂಡ ನೆನಪಿತ್ತು. ಒಂದು ದಿನ ನೆಂಟರ ಮುಂದೆ ಹಾಗೆಯೇ ಹೇಳಿದಾಗ ಹೆಂಡತಿ ಒಲೆಯ ಹತ್ತಿರದಿಂದಲೇ ತಿದ್ದಿದಳು.

“ನೀವು ಕಿಟಕಿ ಕಡೆ ಮಾರಿ ಮಾಡಿ, ‘ಹೋಯ್ತು, ಎಲ್ಲಾ ಹೋಯ್ತು’ ಅನ್ನಾಕತ್ತಿದ್ರಿ. ಕೇಳಿದಾಕಿ ನಾನು.”

ಕಾರ್ಯದರ್ಶಿಗೂ ಆ ಪ್ರಶ್ನೆ ತನ್ನದೆಂದು ನೆನಪಿದೆ. ಸಂಘದ ಸಭೆಯಲ್ಲಿ ಅದನ್ನು ತನ್ನ ಅನುಭವವಾಗಿ ಹೇಳಿದ್ದಾನೆ. ಹೀಗೆ ಆಂಟಿವೈರಸ್ ಆಫ್ ಮಾಡಿದ ಬೆರಳಿಗೆ ಒಬ್ಬ ಮಾಲೀಕನೂ ಇಲ್ಲ, ಒಂದು ಸರಿಯಾದ ಪ್ರಶ್ನೆಗೆ ಮೂವರಿದ್ದಾರೆ. ಸಂಖ್ಯಾಶಾಸ್ತ್ರ ಓದಿದವನಾಗಿ ನಾನು ಯೋಚಿಸುತ್ತೇನೆ. ಮೂವರಲ್ಲಿ ಕಳೆದುಕೊಳ್ಳುವುದಕ್ಕೆ ಏನಾದರೂ ಇದ್ದವಳು ಅವಳೊಬ್ಬಳೇ. ಕಾರ್ಯದರ್ಶಿಗೆ ಅಲ್ಲಿ ತನ್ನ ಹೆಸರು ಉಳಿಸಿಕೊಳ್ಳುವ ಕೆಲಸವಿತ್ತು, ನನಗೆ ಬೇಗ ದುಃಖಪಟ್ಟು ಮುಗಿಸುವ ಅವಸರವಿತ್ತು. ಹಾಗಾಗಿ ಪ್ರಶ್ನೆ ಅವಳದೇ ಇರಬೇಕು. ಗಾಜಿನ ತಣ್ಣನೆ ನನ್ನ ಬೆರಳಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಅದನ್ನು ಆಧಾರವಾಗಿ ಒಪ್ಪಲಾರೆ.

ಅಳಿಸಿದ್ದನ್ನು ಮರಳಿ ತರುವ ತಂತ್ರಾಂಶವೊಂದನ್ನು ಲ್ಯಾಪ್‌ಟಾಪಿನ ಮೇಲೆ ಓಡಿಸಿದೆವು. ನಾಲ್ಕನೇ ತಾಕಿನ ಕೆಲವು ಫೋಟೋಗಳು ಬಂದವು. ಮೇಲರ್ಧ ಎಲೆ, ಕೆಳಗೆ ಬೂದು ಗೋಡೆ. ಒಂದರಲ್ಲಿ ಎಲೆಯ ತುದಿ ಮಾತ್ರ, ಇನ್ನೊಂದರಲ್ಲಿ ಅವಳದೇ ಹೆಬ್ಬೆರಳು. ಚುಕ್ಕೆ ಮೊದಲು ಕಾಣುವುದು ಅಂಚಿನಲ್ಲಿ. ಅಂಚುಗಳೆಲ್ಲ ಬೂದು ಗೋಡೆಯ ಒಳಗೆ ಹೋಗಿದ್ದವು. ಅವಳು ಅವನ್ನು ಒಂದೊಂದಾಗಿ ನೋಡಿ ಮುಚ್ಚಿದಳು. ಕಾರ್ಯದರ್ಶಿ ಮೂರು ದಿನ ಬಗೆಬಗೆಯ ತಂತ್ರಾಂಶಗಳ ಕೊಂಡಿ ಕಳಿಸುತ್ತಿದ್ದ. ಪ್ರತಿಯೊಂದಕ್ಕೂ ಒಂದು ಕೈಮುಗಿದ ಚಿತ್ರ. ಅವುಗಳಲ್ಲಿ ಒಂದನ್ನು ಇಳಿಸಲು ಹೋದಾಗ ಕೆಂಪು ಪೆಟ್ಟಿಗೆ ಎದ್ದಿತು. ಆಫ್ ಮಾಡು, ಅದು ಹಾಗೇ ಹೇಳುತ್ತೆ ಎಂದು ಅವನ ಸಂದೇಶವೂ ಬಂತು.

ರಾಜ್ಯೋತ್ಸವ ಚೆನ್ನಾಗಿ ನಡೆಯಿತು. ಸಂಚಿಕೆ ಬಿಡುಗಡೆಯಾಯಿತು. ಅದರ ನಂತರ ಕಾರ್ಯದರ್ಶಿ ‘ಮನೆಯ ಕಂಪ್ಯೂಟರುಗಳ ಸುರಕ್ಷತೆ’ ಎಂಬ ವಿಷಯವಾಗಿ ಅರ್ಧ ಗಂಟೆ ಮಾತಾಡಿದ. ಪರಿಚಯವಿಲ್ಲದ ಪೆನ್‌ಡ್ರೈವ್ ಮುಟ್ಟಬೇಡಿ, ಹಂಚಿಕೊಳ್ಳುವ ಫೋಲ್ಡರಿಗೆ ಪಾಸ್‌ವರ್ಡ್ ಇಡಿ, ಎಲ್ಲದಕ್ಕೂ ಇನ್ನೊಂದು ಪ್ರತಿ ಇರಲಿ. ಒಂದೂ ತಪ್ಪಿಲ್ಲದ ಮಾತುಗಳು. ಜನ ಚಪ್ಪಾಳೆ ತಟ್ಟಿದರು. ಸಭಾಂಗಣದ ಕಂಪ್ಯೂಟರಿನಲ್ಲಿ ಅವನ ಸ್ಲೈಡುಗಳ ಕನ್ನಡ ಅಕ್ಷರಗಳು ಮೂಡದೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡಾಗ, ಸಂಪಾದಕ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಓಡಿ ಹೋಗಿ ಹಳೆಯ ತಂತ್ರಾಂಶ ಹಾಕಿಕೊಟ್ಟ. ಆಗಲೂ ಚಪ್ಪಾಳೆ. ನನ್ನ ಹೆಂಡತಿ ಅಲ್ಲಿ ಇರಲಿಲ್ಲ. ಮನೆಯಲ್ಲಿ ಮೂರು ತಾಕುಗಳ ಫೋಟೋಗಳಿಗೆ ಗುರುತು ಹಾಕುತ್ತಿದ್ದಳು.

ವರದಿಯನ್ನು ಹೇಳಿದ ದಿನಕ್ಕೆ ಒಪ್ಪಿಸಿದಳು. ನಾಲ್ಕನೇ ತಾಕಿನ ಜಾಗದಲ್ಲಿ, ಮನೆಯ ಕಂಪ್ಯೂಟರು ಸರಿಮಾಡುವಾಗ ಮಾಹಿತಿ ನಾಶವಾಯಿತು ಎಂದು ಒಂದು ವಾಕ್ಯ ಬರೆದಳು. ವೈರಸ್ಸಿನಿಂದ ಎಂದು ಬರೆ, ಅದಾದರೆ ಯಾರಿಗೂ ಬೇಸರವಾಗದು ಎಂದೆ. “ವೈರಸ್ಸು ಕಳದಿಲ್ಲಲ್ಲ,” ಅಂದಳು.

ಅವಳ ಮೇಲ್ವಿಚಾರಕ ಇಲ್ಲಿಯವನೇ. ಈ ದೇಶದ ಜನ ಬೇಸರವನ್ನು ಸುತ್ತಿ ಕೊಡುವುದಿಲ್ಲ. ಆ ವಾಕ್ಯವನ್ನು ಓದಿ, “ಇದು ಮೂರ್ಖತನ” ಎಂದನಂತೆ. ಮನೆಯ ಡಿಸ್ಕನ್ನು ಯಾರು ಯಾರು ಬಳಸುತ್ತಿದ್ದರು ಎಂದು ಕೇಳಿದನಂತೆ. ಎಲ್ಲರೂ ಎಂದು ಇವಳು ಹೇಳಿದ್ದಕ್ಕೆ ಅವನು ಮತ್ತೊಮ್ಮೆ, ಎಲ್ಲರೂ ಎಂದರೆ ಎಷ್ಟು ಜನ ಎಂದನಂತೆ. ಮೂರು ತಾಕುಗಳ ಕೆಲಸ ಚೆನ್ನಾಗಿದೆ ಎಂದೂ ಹೇಳಿದ. ಮೂರು ವರ್ಷ ಸಿಗಲಿಲ್ಲ. ನಾಲ್ಕನೇ ತಾಕನ್ನು ಇನ್ನೊಮ್ಮೆ ಮಾಡಲು ಒಂದು ಬೇಸಿಗೆಯ ಮಟ್ಟಿಗೆ ಕರಾರು ಬೆಳೆಸಿದರು.

ಅದನ್ನು ಅವಳು ಊಟದ ಹೊತ್ತಿಗೆ ಹೇಳಿದಾಗ ನಾನು ಕಾರ್ಯದರ್ಶಿಯನ್ನು, ಸಂಪಾದಕನನ್ನು, ದಾವಣಗೆರೆಯ ಅಂಗಡಿಯವನನ್ನು ಸಾಲಾಗಿ ಬೈಯತೊಡಗಿದೆ. ಸ್ವಲ್ಪ ಹೊತ್ತು ಬೈಯಲು ಬಿಟ್ಟಳು.

“ಸಾಕು ಬಿಡ್ರಿ. ಏಪ್ರಿಲ್‌ದಾಗ ಗಡ್ಡಿ ನೆಡಬೇಕು.”

ಜೂನಿನ ಒಂದು ಬೆಳಿಗ್ಗೆ ನಾನು ರಜೆ ಹಾಕಿ ಅವಳ ಜೊತೆ ವಾಗೆನಿಂಗನ್‌ಗೆ ಹೋದೆ. ಬಸ್ಸಿಳಿದು ಹೊಲದ ಅಂಚಿನಲ್ಲಿ ಬಹಳ ದೂರ ನಡೆಯಬೇಕು. ನಾಲ್ಕನೇ ತಾಕಿನ ಗಿಡಗಳು ಮೊಣಕಾಲೆತ್ತರ ಬಂದಿದ್ದವು. ಅವಳು ಕೂತು ಒಂದು ಎಲೆಯನ್ನು ಬೆರಳಿನ ಮೇಲೆ ಹರವಿ, ಗಾಳಿಗೆ ಅಲುಗದಂತೆ ನನ್ನಿಂದ ಕಾಂಡ ಹಿಡಿಸಿ ಫೋಟೋ ತೆಗೆದಳು. ಹೋದ ವರ್ಷದ ಎಲೆಯೂ ಹೀಗೇ ಇತ್ತಲ್ಲ ಎಂದೆ. ನಾನು ಹೋದ ವರ್ಷದ ಎಲೆಯನ್ನು ಸರಿಯಾಗಿ ನೋಡಿದ್ದೆನೋ ಇಲ್ಲವೋ, ಆಗ ಆ ಮಾತು ಬಾಯಿಗೆ ಬಂತು.

“ಹೋದ ವರ್ಷ ಬಿಸಿಲು ಜಾಸ್ತಿ ಇತ್ರೀ. ರೋಗ ತಡಾ ಮಾಡಿ ಬಂತು. ಆ ತಡಾನ ನಾ ಹುಡುಕಾಕತ್ತಿದ್ದು,” ಎಂದಳು. ಕ್ಯಾಮರಾದಿಂದ ಕಣ್ಣು ತೆಗೆಯಲಿಲ್ಲ. “ಇದು ಆ ಎಲಿ ಅಲ್ಲ. ಕೈ ಅಳ್ಳಾಡಸಬ್ಯಾಡ್ರಿ.”